ಗುಂಡು ಸೀಸದ್ದೋ ತಾಮ್ರದ್ದೋ? ಆಯ್ಕೆ ಗುರಿಕಾರನ ಕೈಯಲ್ಲಿಲ್ಲ

ದೂರದ ಗುರಿಗೆ ಯಾವ ಲೋಹದ ಗುಂಡು ಒಳ್ಳೆಯದು ಅನ್ನೋದು ಹವ್ಯಾಸಿಗಳ ಪ್ರಶ್ನೆಯಂತೆ ಕಾಣುತ್ತೆ. ಆದರೆ ಅದರ ಬೆನ್ನು ಹತ್ತಿ ಹೋದರೆ ಸಿಗೋದು ಲೈಸೆನ್ಸು, ಸರ್ಕಾರಿ ಕಾರ್ಖಾನೆ ಮತ್ತು ನಮ್ಮ ಮಕ್ಕಳ ರಕ್ತದಲ್ಲಿರುವ ಸೀಸ.

ಮೊನ್ನೆ ಭಾನುವಾರ ಬೆಳಿಗ್ಗೆ ಬಿಳೇಕಹಳ್ಳಿಯಲ್ಲಿ, ಬನ್ನೇರುಘಟ್ಟ ರಸ್ತೆಯ ಮೆಟ್ರೋ ಕಂಬಗಳ ಪಕ್ಕದ ದರ್ಶಿನಿಯೊಂದರಲ್ಲಿ ಕಾಫಿ ಕುಡೀತಾ ನಿಂತಿದ್ದೆವು. ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಫೋನ್ ತೆಗೆದು ಒಂದು ಫೋಟೊ ತೋರಿಸಿದ. ಉದ್ದಕ್ಕೆ, ಸೂಜಿಯಂಥ ಚೂಪು ಮೂತಿಯ, ಹೊಸ ಚೊಂಬಿನ ಹಾಗೆ ಹೊಳೆಯುವ ಒಂದು ಲೋಹದ ತುಂಡು. ಮೈಮೇಲೆ ಸಾಲಾಗಿ ಸಣ್ಣ ಉಂಗುರಗಳು.

"ಏನೋ ಇದು, ಫೌಂಟನ್ ಪೆನ್ನಾ?" ಅಂದೆ.

"ಬುಲೆಟ್ಟು ಮಗಾ. ಒಳಗೆ ಸೀಸ ಇಲ್ಲ, ಪೂರ್ತಿ ತಾಮ್ರ. ಲೇಥ್‌ನಲ್ಲಿ ಒಂದೊಂದೇ ತಿರುಗಿಸಿ ಮಾಡಿರೋದು."

ಅವನು ಕೊಡಗಿನವನು. ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದೆ, ಕೈಲ್‌ಪೊಳ್ದ್ ಬಂದರೆ ಅದಕ್ಕೆ ಹೂವು, ಪೂಜೆ. ಆರು ವರ್ಷ ಟೆಕ್ಸಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ವಾಪಸ್ ಬಂದಿದ್ದಾನೆ. ಅಲ್ಲಿ ವಾರಾಂತ್ಯಕ್ಕೆ ಸಹೋದ್ಯೋಗಿಗಳ ಜೊತೆ ರೇಂಜ್‌ಗೆ ಹೋಗಿ ಸಾವಿರ ಗಜ, ಅಂದ್ರೆ 914 ಮೀಟರ್ ದೂರದ ಕಬ್ಬಿಣದ ತಟ್ಟೆಗೆ ಗುರಿ ಹೊಡೀತಿದ್ದನಂತೆ. ಅಲ್ಲಿ ಅವನಿಗಿದ್ದ ತಲೆನೋವು ಒಂದೇ: ಸೀಸದ ಗುಂಡು ಬಿಟ್ಟು ತಾಮ್ರಕ್ಕೆ ಹೋಗಬೇಕಾ ಬೇಡ್ವಾ? ಇಲ್ಲಿಗೆ ಬಂದ ಮೇಲೆ ಆ ಪ್ರಶ್ನೆಗೇ ಅರ್ಥ ಇಲ್ಲ ಅಂತ ಅವನಿಗೆ ಗೊತ್ತಾಗಿದೆ. "ಅಲ್ಲಿ ನಾನು ಯಾವ ಗುಂಡು ಬೇಕು ಅಂತ ಕೇಳ್ತಿದ್ದೆ. ಇಲ್ಲಿ ಏನಿದೆ ಅಂತ ಕೇಳ್ಬೇಕು" ಅಂದ.

ಮೊದಲೇ ಹೇಳಿಬಿಡ್ತೀನಿ, ನನಗೆ ಬಂದೂಕಿನ ಹುಚ್ಚಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದ ಊರು ಇದು. ಈ ಊರಿನ ಪತ್ರಕರ್ತನಿಗೆ ಬುಲೆಟ್ ಅಂದ್ರೆ ಕ್ರೀಡೆ ನೆನಪಾಗೋದು ಕಷ್ಟ. ಆದರೆ ಬರವಣಿಗೆಗೆ ಬರೋ ಮುಂಚೆ ಎರಡು ವರ್ಷ ಮಷೀನ್ ಶಾಪ್‌ನಲ್ಲಿ ಕೆಲಸ ಮಾಡಿದವನು ನಾನು. ಫೋಟೊದಲ್ಲಿದ್ದ ತುಂಡಿನ ಹಿಂದಿನ ಲೆಕ್ಕ ಬಿಡದೆ ಕಾಡಿತು. ಲೆಕ್ಕ ಮುಗಿಯುವ ಹೊತ್ತಿಗೆ ಅದು ಇಂಜಿನಿಯರಿಂಗ್ ವಿಷಯವಾಗಿ ಉಳಿದಿರಲಿಲ್ಲ.

ಲೇಥ್ ಮೇಲಿನ ಲೆಕ್ಕ

ಮಾಮೂಲಿ ರೈಫಲ್ ಗುಂಡು ಎರಡು ಲೋಹದ್ದು. ಒಳಗೆ ಸೀಸದ ತಿರುಳು, ಹೊರಗೆ ತಾಮ್ರದ ಮಿಶ್ರಲೋಹದ ತೆಳು ಕವಚ. ಸೀಸ ಅಗ್ಗ, ಮೆತ್ತಗೆ, ಎಲ್ಲಕ್ಕಿಂತ ಮುಖ್ಯವಾಗಿ ಭಾರ. ಒಂದು ಘನ ಸೆಂಟಿಮೀಟರ್ ಸೀಸ 11.34 ಗ್ರಾಂ ತೂಗಿದರೆ ಅಷ್ಟೇ ತಾಮ್ರ 8.96 ಗ್ರಾಂ. ಗಾಳಿಯನ್ನು ಸೀಳಿಕೊಂಡು ದೂರ ಹೋಗಬೇಕಾದ ವಸ್ತುವಿಗೆ ಭಾರ ಇದ್ದಷ್ಟೂ ಒಳ್ಳೆಯದು. ಕ್ರಿಕೆಟ್ ಬಾಲನ್ನೂ ಪ್ಲಾಸ್ಟಿಕ್ ಬಾಲನ್ನೂ ಒಂದೇ ವೇಗದಲ್ಲಿ ಎಸೆದರೆ ಯಾವುದು ದೂರ ಹೋಗುತ್ತೆ ಅಂತ ಗಲ್ಲಿ ಕ್ರಿಕೆಟ್ ಆಡಿದ ಯಾರಿಗಾದರೂ ಗೊತ್ತು.

ಹಾಗಾದ್ರೆ ತಾಮ್ರ ಯಾಕೆ? ಉತ್ತರ ತೂಕದಲ್ಲಿಲ್ಲ, ಏಕರೂಪತೆಯಲ್ಲಿದೆ. ಕವಚದೊಳಗೆ ಸೀಸ ಒತ್ತಿ ತುಂಬುವಾಗ ಕವಚದ ದಪ್ಪ ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ಗುಂಡಿನ ತೂಕದ ಕೇಂದ್ರ ಅಕ್ಷದಿಂದ ಪಕ್ಕಕ್ಕೆ ಸರಿಯುತ್ತೆ. ಸೆಕೆಂಡಿಗೆ ಎರಡೂವರೆ ಮೂರು ಸಾವಿರ ಸುತ್ತು ತಿರುಗುತ್ತಾ ಹೋಗುವ ವಸ್ತುವಿನಲ್ಲಿ ಆ ಸಣ್ಣ ದೋಷ ನೂರು ಮೀಟರಿನಲ್ಲಿ ಕಾಣಲ್ಲ. ಸಾವಿರ ಮೀಟರಿನಲ್ಲಿ ತಟ್ಟೆಗೂ ಗುಂಡಿಗೂ ಮುಖಾಮುಖಿಯೇ ಆಗದಂತೆ ಮಾಡುತ್ತೆ. ಒಂದೇ ತಾಮ್ರದ ಸರಳನ್ನು ಸಿಎನ್‌ಸಿ ಲೇಥ್‌ನಲ್ಲಿ ತಿರುಗಿಸಿ ಮಾಡಿದ ಗುಂಡಿನಲ್ಲಿ ಕವಚ, ತಿರುಳು ಅನ್ನೋ ಜೋಡಣೆಯೇ ಇಲ್ಲ. ನೂರನೇ ಗುಂಡು ಮೊದಲನೆಯದರ ತದ್ರೂಪ. ಒಂದು ಮೈಲಿ, ಎರಡು ಮೈಲಿ ದೂರದ ಸ್ಪರ್ಧೆಗಳಲ್ಲಿ ಹೀಗೆ ತಿರುಗಿಸಿದ ಗುಂಡುಗಳನ್ನು ಹೆಚ್ಚು ಬಳಸೋದು ಇದಕ್ಕೇ.

ಆದರೆ ಇದಕ್ಕೆ ಬೆಲೆ ತೆರಬೇಕು. ಅಷ್ಟೇ ವ್ಯಾಸದಲ್ಲಿ ಅಷ್ಟೇ ತೂಕ ಬೇಕು ಅಂದ್ರೆ ತಾಮ್ರದ ಗುಂಡು ಉದ್ದ ಆಗಲೇಬೇಕು. ಉದ್ದ ಆದಷ್ಟೂ ಅದನ್ನು ಜೋರಾಗಿ ತಿರುಗಿಸಬೇಕು, ಇಲ್ಲದಿದ್ದರೆ ದಾರ ಸರಿಯಾಗಿ ಸುತ್ತದೆ ಬಿಟ್ಟ ಬುಗುರಿ ಥರ ತಲೆ ಆಡಿಸುತ್ತೆ. ಗುಂಡನ್ನು ತಿರುಗಿಸೋದು ನಳಿಗೆಯೊಳಗಿನ ಸುರುಳಿ ಗೀರುಗಳು. ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಅನ್ನೋದೇ ಟ್ವಿಸ್ಟ್ ರೇಟ್. ಇದನ್ನು ಅಂದಾಜು ಮಾಡೋಕೆ 1879ರಲ್ಲಿ ಗ್ರೀನ್‌ಹಿಲ್ ಅನ್ನೋ ಬ್ರಿಟಿಷ್ ಗಣಿತಜ್ಞ ಕೊಟ್ಟ ಸೂತ್ರ ಇವತ್ತಿಗೂ ಒರಟು ಲೆಕ್ಕಕ್ಕೆ ಬರುತ್ತೆ. ಅದನ್ನೇ ಹಾಕಿ ನೋಡಿದೆ. 0.308 ಇಂಚು ವ್ಯಾಸದ, 1.24 ಇಂಚು ಉದ್ದದ ಸೀಸದ ತಿರುಳಿನ ಗುಂಡಿಗೆ ಸುಮಾರು ಹನ್ನೊಂದೂವರೆ ಇಂಚಿಗೆ ಒಂದು ಸುತ್ತು ಸಾಕು. ಅದೇ ತೂಕದ ತಾಮ್ರದ ಗುಂಡು ಒಂದೂವರೆ ಇಂಚು ಉದ್ದ ಇದೆ ಅಂದುಕೊಂಡರೆ ಎಂಟೂವರೆ ಇಂಚಿಗೇ ಒಂದು ಸುತ್ತು ಬೇಕು. ಅಂದ್ರೆ ಗುಂಡು ಬದಲಾಯಿಸಿದರೆ ಸಾಲದು, ನಳಿಗೆಯನ್ನೂ ಬದಲಾಯಿಸಬೇಕು. ಹಳೆಯ ನಳಿಗೆಯಲ್ಲೇ ಸಾಗಬೇಕು ಅಂದ್ರೆ ಹಗುರದ, ಗಿಡ್ಡ ತಾಮ್ರದ ಗುಂಡಿಗೆ ಒಪ್ಪಿಕೊಳ್ಳಬೇಕು. ಅದು ಶುರುವಿನಲ್ಲಿ ವೇಗವಾಗಿ ಹೋಗಿ ದೂರದಲ್ಲಿ ಸುಸ್ತಾಗುತ್ತೆ, ಗಾಳಿಗೆ ಪಕ್ಕಕ್ಕೆ ಸರಿಯುತ್ತೆ.

ಇನ್ನೂ ಇದೆ. ತಾಮ್ರ ಸೀಸದಷ್ಟು ಮೆತ್ತಗಲ್ಲ, ನಳಿಗೆಯ ಗೀರುಗಳಿಗೆ ಸುಲಭವಾಗಿ ಬಗ್ಗಲ್ಲ. ಒತ್ತಡ ಏರುತ್ತೆ. ಅದನ್ನು ತಗ್ಗಿಸೋಕೇ ಫೋಟೊದಲ್ಲಿ ಕಂಡ ಉಂಗುರಗಳು. ನಳಿಗೆಯೊಳಗೆ ತಾಮ್ರ ಮೆತ್ತಿಕೊಳ್ಳುತ್ತೆ, ಆಗಾಗ ತಿಕ್ಕಿ ತೆಗೀಬೇಕು. ಶುದ್ಧ ತಾಮ್ರವನ್ನು ಲೇಥ್‌ಗೆ ಹಾಕಿದವರಿಗೆ ಇನ್ನೊಂದು ಕಿರಿಕಿರಿಯೂ ಗೊತ್ತು. ಅದು ಅಂಟಂಟು. ಚೂರು ಉದುರೋ ಬದಲು ದಾರದ ಹಾಗೆ ಉಪಕರಣಕ್ಕೆ ಸುತ್ತಿಕೊಳ್ಳುತ್ತೆ. ಅದಕ್ಕೇ ಕೆಲವರು ಚೂರು ಟೆಲ್ಯೂರಿಯಂ ಬೆರೆಸಿದ ತಾಮ್ರ ಬಳಸ್ತಾರೆ, ಕೆಲವರು ಹಿತ್ತಾಳೆಗೇ ಹೋಗ್ತಾರೆ.

ಹಾಗಾಗಿ ತಾಂತ್ರಿಕವಾಗಿ ಉತ್ತರ ಸರಳ. 50 ಮೀಟರಿಗೆ ತಾಮ್ರ ಬೇಕಿಲ್ಲ. 300 ಮೀಟರಿಗೆ ಒಳ್ಳೆಯ ಸೀಸದ ಗುಂಡು ಧಾರಾಳವಾಗಿ ಸಾಕು. ಸಾವಿರ ಮೀಟರ್ ದಾಟಿದ ಮೇಲೆ, ಗುಂಡಿನ ವೇಗ ಶಬ್ದದ ವೇಗಕ್ಕೆ ಇಳಿದು ಅದು ತಡವರಿಸುವ ಜಾಗ ಬಂದಾಗ, ಸರಿಯಾದ ಟ್ವಿಸ್ಟ್ ಇರುವ ನಳಿಗೆ ನಿಮ್ಮಲ್ಲಿದ್ದರೆ ತಾಮ್ರ ಗೆಲ್ಲುತ್ತೆ. ಬೇರೆಲ್ಲ ಕಡೆ ಅದು ದುಬಾರಿ ಶೋಕಿ.

ಜಗತ್ತು ತಾಮ್ರಕ್ಕೆ ಹೋಗಿದ್ದು ಗುರಿಗಾಗಿ ಅಲ್ಲ

ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಹೊರದೇಶಗಳಲ್ಲಿ ತಾಮ್ರದ ಗುಂಡು ಜೋರಾಗಿ ಬಂದಿದ್ದು ಸಾವಿರ ಮೀಟರಿನ ಸ್ಪರ್ಧಿಗಳಿಂದಲ್ಲ. ಅದರ ಹಿಂದೆ ಇದ್ದದ್ದು ಹದ್ದು, ರಣಹದ್ದುಗಳು.

ಸೀಸದ ಗುಂಡು ಪ್ರಾಣಿಯ ಮೈಯೊಳಗೆ ಚೂರುಚೂರಾಗುತ್ತೆ. ಬೇಟೆಗಾರರು ಬಿಟ್ಟುಹೋದ ಕರುಳು ಮಾಂಸ ತಿಂದ ಕ್ಯಾಲಿಫೋರ್ನಿಯಾದ ಕಾಂಡರ್ ಹಕ್ಕಿಗಳು ಸೀಸದ ವಿಷಕ್ಕೆ ಸತ್ತವು. ಆ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಯುರೋಪಿಯನ್ ಒಕ್ಕೂಟ 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆ ಹಾರಿಸುವುದನ್ನು ನಿಲ್ಲಿಸಿತು. ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆಯ ರೈಫಲ್ ಗುಂಡಿಗೂ ನಿಷೇಧ ತಂದಿತು. ಬ್ರಿಟನ್ ಸರ್ಕಾರ 2025ರ ಜುಲೈನಲ್ಲಿ ಅದೇ ದಾರಿ ಹಿಡಿಯುವುದಾಗಿ ಘೋಷಿಸಿತು.

ಈ ವಾದವನ್ನು ಹಾಗೇ ಎತ್ತಿ ಇಲ್ಲಿ ನೆಡೋಕೆ ಆಗಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶೋಕಿಗೆ ಬೇಟೆ ಅನ್ನೋದು ಅಪರಾಧ. ನಮ್ಮ ರಣಹದ್ದುಗಳನ್ನು ಕೊಂದಿದ್ದು ಸೀಸವಲ್ಲ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ. ಅದನ್ನು ಪಶುಗಳಿಗೆ ಬಳಸುವುದು 2006ರಲ್ಲಿ ನಿಷೇಧವಾಯಿತು. ಹಾಗಾಗಿ ನಮ್ಮ ಸೀಸದ ಗುಂಡು ಬೀಳೋದು ಕಾಡಲ್ಲಿ ಅಲ್ಲ, ರೇಂಜ್‌ಗಳಲ್ಲಿ: ಪೊಲೀಸ್ ಮತ್ತು ಸೇನೆಯ ತರಬೇತಿ ಮೈದಾನಗಳಲ್ಲಿ, ಶೂಟಿಂಗ್ ಅಕಾಡೆಮಿಗಳಲ್ಲಿ. ಇಲ್ಲಿ ಅಪಾಯ ಇರೋದು ಹಕ್ಕಿಗಲ್ಲ, ಮನುಷ್ಯರಿಗೆ. ಈ ವ್ಯತ್ಯಾಸ ಇಟ್ಟುಕೊಂಡೇ ಮುಂದೆ ಹೋಗೋಣ.

ಇಲ್ಲಿ ಆಯ್ಕೆ ಯಾರ ಕೈಲಿದೆ?

ದರ್ಶಿನಿಯಲ್ಲಿ ಗೆಳೆಯ ತಮಾಷೆಗೆ ಕೇಳಿದ್ದ: "ನಿನ್ನ ಹಳೇ ಮಷೀನ್ ಶಾಪ್‌ನವರಿಗೆ ಹೇಳಿದ್ರೆ ಹತ್ತು ತಿರುಗಿಸಿ ಕೊಡಲ್ವಾ?" ನಾನು ನಕ್ಕೆ. ಮನೆಗೆ ಬಂದು ಕಾಯ್ದೆ ಓದಿದ ಮೇಲೆ ನಗು ನಿಂತಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ಅಂದ್ರೆ ಅದರ ಬಿಡಿಭಾಗಗಳೂ ಸೇರುತ್ತವೆ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಪಂಪಿನ ಶಾಫ್ಟ್ ತಿರುಗಿಸುವ ಅದೇ ಲೇಥ್, ಅದೇ ಸರಳು, ಅದೇ ಆಪರೇಟರ್. ಆಕಾರ ಬದಲಾದರೆ ಜೈಲು.

ಈ ಬಿಗಿ ತಪ್ಪು ಅಂತ ನಾನು ಹೇಳ್ತಿಲ್ಲ. ಅಮೆರಿಕದ ಶಾಲೆಗಳ ಸುದ್ದಿ ಓದುವ ಯಾರೂ ಹಾಗೆ ಹೇಳಲಾರರು. ಹೇಳ್ತಿರೋದು ಇಷ್ಟೇ: ಆಯ್ಕೆಯನ್ನು ಪ್ರಜೆಯ ಕೈಯಿಂದ ತೆಗೆದುಕೊಂಡ ಮೇಲೆ, ಆ ಆಯ್ಕೆಯ ಜವಾಬ್ದಾರಿಯನ್ನೂ ಪ್ರಭುತ್ವವೇ ಹೊರಬೇಕು.

ನಮ್ಮಲ್ಲಿ ಗುಂಡಿನ ಆಯ್ಕೆ ಯಾವತ್ತೂ ರಾಜಕೀಯವೇ ಆಗಿತ್ತು. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಸೇನೆಯ .303 ಗುಂಡು ಪ್ರಜೆಗಳ ಕೈಗೆ ಸಿಗಬಾರದು ಅಂತ ಬ್ರಿಟಿಷರು ಬೇರೆಯದೇ ಅಳತೆಯ .315 ರೈಫಲ್ಲನ್ನು ಚಾಲ್ತಿಗೆ ತಂದರು. ಅದು ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತಲೇ ಹೋಯಿತು. ಕಲ್ಕತ್ತಾ ಪಕ್ಕದ ಡಮ್‌ಡಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಗುಂಡಿನ ಮೂತಿಯ ಕವಚ ತೆಗೆದು, ಸೀಸ ಹೊರಗೆ ಕಾಣುವಂತೆ ಮಾಡಿದರು. ಮೈಯೊಳಗೆ ಹೊಕ್ಕು ಅರಳುವ ಆ ಗುಂಡನ್ನು ಗಡಿನಾಡಿನ ಬುಡಕಟ್ಟುಗಳ ಮೇಲೆ ಬಳಸಿದರು. ಇಂಥ ಗುಂಡನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು.

ಕೊಡಗಿನ ಕತೆ ಇದಕ್ಕೆ ಉಲ್ಟಾ. 1861ರಲ್ಲಿ, ಅಂದ್ರೆ ಸಿಪಾಯಿ ದಂಗೆಯ ನಂತರ ದೇಶವನ್ನೆಲ್ಲ ನಿಶ್ಶಸ್ತ್ರ ಮಾಡುತ್ತಿದ್ದ ಹೊತ್ತಲ್ಲಿ, ಕೊಡವರಿಗೆ ವಿನಾಯಿತಿ ಸಿಕ್ಕಿತು. ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ನನ್ನ ಗೆಳೆಯನ ಮಾತಲ್ಲೇ ಹೇಳೋದಾದ್ರೆ, "ವಿನಾಯಿತಿ ಇರೋದು ಕೋವಿಗೆ ಮಗಾ, ಅಂಗಡೀಲಿ ಸಿಗೋ ತೋಟಾ ಎಲ್ಲರಿಗೂ ಒಂದೇ." ಕೈಲ್‌ಪೊಳ್ದ್ ದಿನ ಮರದ ತುದಿಯ ತೆಂಗಿನಕಾಯಿಗೆ ಹೊಡೆಯೋಕೆ ತಾಮ್ರದ ಗುಂಡು ಬೇಕಾಗಿಯೂ ಇಲ್ಲ ಬಿಡಿ.

ಇವತ್ತು ದೇಶದಲ್ಲಿ ಗುಂಡು ತಯಾರಿಸುವ ದೊಡ್ಡ ಕೈ ಸರ್ಕಾರದ್ದೇ. ಹಳೆಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ಏಳು ಸರ್ಕಾರಿ ಕಂಪನಿಗಳಾಗಿ ಒಡೆದಾಗ, ಮದ್ದುಗುಂಡಿನ ಕೆಲಸ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಪಾಲಿಗೆ ಬಂತು. ಖಾಸಗಿಯವರೂ ಬಂದಿದ್ದಾರೆ. ಕಾನ್ಪುರದಲ್ಲಿ ಅದಾನಿ ಸಮೂಹದ ಮದ್ದುಗುಂಡು ಸಂಕೀರ್ಣ 2024ರ ಫೆಬ್ರವರಿಯಲ್ಲಿ ಶುರುವಾಯಿತು. ನಮ್ಮ ಬೆಂಗಳೂರಿನದೇ ಎಸ್‌ಎಸ್‌ಎಸ್ ಡಿಫೆನ್ಸ್ .338 ಅಳತೆಯ ದೂರಗಾಮಿ ಸ್ನೈಪರ್ ರೈಫಲ್ ತಯಾರಿಸುತ್ತೆ. ಅಂದ್ರೆ ಸಾವಿರ ಮೀಟರ್ ದಾಟುವ ನಿಖರತೆಯ ಇಂಜಿನಿಯರಿಂಗ್ ಈ ಊರಿಗೆ ಹೊಸದೇನಲ್ಲ. ಅದರ ಗಿರಾಕಿ ಸೇನೆ, ಅಷ್ಟೇ.

ಲೆಕ್ಕಕ್ಕೇ ಸಿಗದ ಸೀಸ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬಿಳೇಕಹಳ್ಳಿಯಿಂದ ಬಿಟಿಎಂ ದಾಟಿ ಕೋರಮಂಗಲಕ್ಕೆ ಹೋದರೆ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು. ಅಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ತಮ್ಮ ವೃತ್ತಿಯ ಬಹುಪಾಲನ್ನು ಸೀಸದ ವಿಷದ ಹಿಂದೆ ಕಳೆದವರು. ದೇಶದ ಸೀಸ ವಿಷಬಾಧೆಯ ರಾಷ್ಟ್ರೀಯ ರೆಫರಲ್ ಕೇಂದ್ರ ನೆಲೆಯಾಗಿದ್ದೂ ಅಲ್ಲೇ. 1990ರ ದಶಕದ ಕೊನೆಯಲ್ಲಿ ಹಲವು ನಗರಗಳಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಸಿಕ್ಕಿತ್ತು. ಇವತ್ತು 5 ಮೈಕ್ರೋಗ್ರಾಂ ಇದ್ದರೇ ಅದರ ಮೂಲ ಹುಡುಕಿ ತಡೆಯಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸುರಕ್ಷಿತ ಮಟ್ಟ ಅಂತ ಒಂದು ಇಲ್ಲವೇ ಇಲ್ಲ ಅಂತಲೂ ಅನ್ನುತ್ತೆ. ಸೀಸ ಮಕ್ಕಳ ಬುದ್ಧಿಮತ್ತೆಯನ್ನು ಕುಗ್ಗಿಸುತ್ತೆ, ಹೋದದ್ದು ವಾಪಸ್ ಬರಲ್ಲ.

2000ದಲ್ಲಿ ಪೆಟ್ರೋಲ್‌ನಿಂದ ಸೀಸ ಹೋಯಿತು. 2017ರ ನವೆಂಬರ್‌ನಿಂದ ಮನೆಯ ಪೇಂಟ್‌ನಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಿ ಸೀಸ ಇರಬಾರದು ಅಂತ ನಿಯಮ ಬಂತು. ಬ್ಯಾಟರಿ ತ್ಯಾಜ್ಯಕ್ಕೆ ನಿಯಮಗಳಿವೆ. ಹೀಗಿದ್ದರೂ ಯುನಿಸೆಫ್ ಮತ್ತು ಪ್ಯೂರ್ ಅರ್ತ್ 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಲ್ಲಿ, ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ದಾಟಿದೆ. ದೊಡ್ಡ ಕಾರಣ ಬ್ಯಾಟರಿ ಕರಗಿಸುವ ಗುಡಿಸಲು ಘಟಕಗಳು, ಕಲಬೆರಕೆ ಮಸಾಲೆ, ಕೆಲವು ಪಾತ್ರೆಗಳು. ಗುಂಡು ಆ ಪಟ್ಟಿಯಲ್ಲಿ ಮೇಲೆಲ್ಲೂ ಬರಲ್ಲ. ನಾನೂ ಅದನ್ನು ದೊಡ್ಡದು ಮಾಡಲ್ಲ. ಆದರೆ ಸಣ್ಣ ಲೆಕ್ಕವೊಂದನ್ನು ನೋಡಿ.

ಒಂದು .22 ಗುಂಡು 2.6 ಗ್ರಾಂ. ದಿನಕ್ಕೆ ನೂರು ಗುಂಡಿನಂತೆ ವರ್ಷಕ್ಕೆ ಇನ್ನೂರು ದಿನ ಅಭ್ಯಾಸ ಮಾಡುವ ಒಬ್ಬ ಸ್ಪರ್ಧಿ ವರ್ಷಕ್ಕೆ 52 ಕಿಲೋ ಸೀಸ ಹಾರಿಸುತ್ತಾನೆ. 10 ಮೀಟರ್ ಏರ್ ರೈಫಲ್‌ನ ಪೆಲೆಟ್ ಸುಮಾರು ಅರ್ಧ ಗ್ರಾಂ. ವಾರಕ್ಕೆ ಐದು ದಿನ, ದಿನಕ್ಕೆ ನೂರರಂತೆ ಹೊಡೆಯುವ ಹೈಸ್ಕೂಲ್ ಹುಡುಗಿ ವರ್ಷಕ್ಕೆ ಹದಿಮೂರು ಕಿಲೋ ಸೀಸವನ್ನು ತನ್ನ ಬೆರಳಲ್ಲಿ ಹಿಡಿದು ನಳಿಗೆಗೆ ತುಂಬುತ್ತಾಳೆ. ಮಧ್ಯೆ ಅದೇ ಕೈಯಲ್ಲಿ ಚಿಪ್ಸ್ ತಿಂತಾಳೆ. ಬೆಂಕಿಯ ಗುಂಡಾದರೆ ಇದರ ಜೊತೆ ಪ್ರೈಮರ್ ಹೊಗೆ. ಕಾಡತೂಸಿನ ಹಿಂಬದಿಯ ಪ್ರೈಮರ್‌ನಲ್ಲಿ ಸಾಮಾನ್ಯವಾಗಿ ಬಳಸುವ ಲೆಡ್ ಸ್ಟಿಫ್ನೇಟ್ ಕೂಡ ಸೀಸದ ಸಂಯುಕ್ತವೇ. ಇದೆಲ್ಲ ಧೂಳಾಗಿ ಕೂರುವುದು ರೇಂಜ್‌ನ ನೆಲದ ಮೇಲೆ. ಗುಡಿಸುವುದು ಯಾರು? ಪದಕದ ಫೋಟೊದಲ್ಲಿ ಎಂದೂ ಕಾಣಿಸದ, ದಿನಗೂಲಿಯ ಅಕ್ಕ ಅಥವಾ ಅಣ್ಣ.

2024ರ ಪ್ಯಾರಿಸ್‌ನಲ್ಲಿ ಮನು ಭಾಕರ್, ಸರಬ್ಜೋತ್ ಸಿಂಗ್, ಸ್ವಪ್ನಿಲ್ ಕುಸಾಳೆ ತಂದ ಮೂರು ಕಂಚಿನಿಂದ ನಮಗೆಲ್ಲ ಖುಷಿಯಾಯಿತು. ಸಾಫ್ಟ್‌ವೇರ್ ಕೆಲಸ ಬಿಟ್ಟು ಪಿಸ್ತೂಲು ಹಿಡಿದು 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಬೆಂಗಳೂರಿನ ಪ್ರಕಾಶ್ ನಂಜಪ್ಪ ನಮ್ಮವರೇ. ಈ ಕ್ರೀಡೆಗೆ ಮಕ್ಕಳು ಬರಲಿ. ಆದರೆ ಅವರ ರಕ್ತ ಪರೀಕ್ಷೆ ಮಾಡಿಸುವ ಹೊಣೆ ಯಾರದ್ದು ಅಂತ ಕೇಳಿದರೆ ಕ್ರೀಡಾ ಇಲಾಖೆ ಮಾಲಿನ್ಯ ಮಂಡಳಿ ಕಡೆ ನೋಡುತ್ತೆ, ಮಂಡಳಿ ಗೃಹ ಇಲಾಖೆ ಕಡೆ ನೋಡುತ್ತೆ.

ಇಲ್ಲಿ ತಾಮ್ರ ತಂದರೆ ಸರಿಹೋಗುತ್ತಾ? ಪೂರ್ತಿ ಹೋಗಲ್ಲ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮವೇ .22 ಗುಂಡು ಸೀಸ ಅಥವಾ ಅಂಥ ಮೆತ್ತನೆಯ ಲೋಹದ್ದಾಗಿರಬೇಕು ಅನ್ನುತ್ತೆ. ರೈಫಲ್‌ನಲ್ಲಿ ಗುಂಡು ತಾಮ್ರದ್ದಾದರೂ ಪ್ರೈಮರ್ ಹಳೆಯದೇ ಇದ್ದರೆ ಹೊಗೆಯಲ್ಲಿ ಸೀಸ ಉಳಿಯುತ್ತೆ. ನಾರ್ವೆಯ ಸೇನೆ ಸೀಸರಹಿತ ಗುಂಡು ತಂದಾಗ ಕೆಲವು ಸೈನಿಕರಿಗೆ ಜ್ವರದಂಥ ಲಕ್ಷಣ ಕಾಣಿಸಿಕೊಂಡಿತು. ಹೊಗೆಯಲ್ಲಿದ್ದ ತಾಮ್ರ, ಸತುವಿನ ಕಣಗಳ ಮೇಲೆ ಅನುಮಾನ ಬಂದು ಅಧ್ಯಯನ ಮಾಡಬೇಕಾಯಿತು. ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು 2013ರಲ್ಲಿ ನಡೆಸಿದ ಪ್ರಯೋಗದಲ್ಲಿ, ಗಟ್ಟಿ ಮೇಲ್ಮೈಗೆ ಬಡಿದು ಒಣ ತರಗು ಹೊತ್ತಿಸುವ ಸಾಧ್ಯತೆ ಉಕ್ಕಿನ ಭಾಗಗಳಿರುವ ಮತ್ತು ಪೂರ್ತಿ ತಾಮ್ರದ ಗುಂಡುಗಳಲ್ಲೇ ಹೆಚ್ಚು ಕಂಡಿತು. ಫೆಬ್ರವರಿ, ಮಾರ್ಚ್ ತಿಂಗಳ ನಮ್ಮ ಕುರುಚಲು ಗುಡ್ಡಗಳ ಪಕ್ಕದ ರೇಂಜ್ ನೆನೆಸಿಕೊಳ್ಳಿ.

ತಾಮ್ರದ ಮೇಲೂ ರಕ್ತ ಇದೆ

"ಹಸಿರು ಗುಂಡು" ಅನ್ನೋ ಹೆಸರಲ್ಲಿ ತಾಮ್ರವನ್ನು ಮಾರುವವರು ಇನ್ನೊಂದನ್ನು ಹೇಳಲ್ಲ. ತಾಮ್ರ ಎಲ್ಲಿಂದ ಬರುತ್ತೆ?

ಚಿತ್ರದುರ್ಗದ ಇಂಗಳದಾಳದಲ್ಲಿ ಒಂದು ಕಾಲಕ್ಕೆ ತಾಮ್ರದ ಅದಿರು ತೆಗೆಯುತ್ತಿದ್ದರು, ಅದು ನಿಂತು ಎಷ್ಟೋ ವರ್ಷವಾಯಿತು. ದೇಶದ ದೊಡ್ಡ ತಾಮ್ರ ಘಟಕಗಳಲ್ಲಿ ಒಂದಾಗಿದ್ದ ತೂತ್ತುಕುಡಿಯ ಸ್ಟರ್ಲೈಟ್ ಕಾರ್ಖಾನೆಯ ಮಾಲಿನ್ಯದ ವಿರುದ್ಧ ಜನ ಬೀದಿಗಿಳಿದಾಗ, 2018ರ ಮೇ ತಿಂಗಳಲ್ಲಿ ಪೊಲೀಸರ ಗುಂಡಿಗೆ 13 ಮಂದಿ ಸತ್ತರು. ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗದ ವರದಿ 2022ರಲ್ಲಿ ತಮಿಳುನಾಡು ವಿಧಾನಸಭೆಯ ಮುಂದೆ ಬಂತು. ಪ್ರಚೋದನೆ ಇಲ್ಲದೆ ಗುಂಡು ಹಾರಿಸಿದರು ಅಂತ ಅದು ಪೊಲೀಸರನ್ನು ಹೊಣೆ ಮಾಡಿತು. ಕಾರ್ಖಾನೆ ತೆರೆಯಬೇಕೆಂಬ ವೇದಾಂತ ಕಂಪನಿಯ ಮನವಿಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿತು.

ಒಂದು ಲೋಹದ ಕೊಳೆಯನ್ನು ಇನ್ನೊಂದು ಲೋಹದ ಊರಿಗೆ ದಾಟಿಸಿ "ಸ್ವಚ್ಛ" ಅಂತ ಹೆಸರಿಡೋದು ಪರಿಸರ ಕಾಳಜಿ ಅಲ್ಲ. ಹಾಗಂತ ಸೀಸವೇ ಇರಲಿ ಅನ್ನೋದೂ ಅಲ್ಲ. ತಾಮ್ರದ ಗಣಿ, ಕಾರ್ಖಾನೆಗಳಿಗೆ ನಿಯಮ ಇದೆ, ಹೋರಾಟ ಇದೆ, ಕೋರ್ಟ್ ಇದೆ. ರೇಂಜ್‌ನ ನೆಲದ ಮೇಲಿನ ಸೀಸದ ಧೂಳಿಗೆ ಇವು ಯಾವುದೂ ಇಲ್ಲ.

ತಾಮ್ರ ದುಬಾರಿ ಅನ್ನೋ ವಾದವನ್ನೂ ಒಮ್ಮೆ ತೂಗಿ ನೋಡಿ. ಕಿಲೋ ಲೆಕ್ಕದಲ್ಲಿ ತಾಮ್ರ ಸೀಸದ ಹಲವು ಪಟ್ಟು ಬೆಲೆ ಬಾಳುತ್ತೆ, ನಿಜ. ಆದರೆ ಒಂದು ರೈಫಲ್ ಗುಂಡಿಗೆ ಬೇಕಾದ ತಾಮ್ರ ಹನ್ನೊಂದು ಗ್ರಾಂ ಚಿಲ್ಲರೆ. ಅದು ದರ್ಶಿನಿಯ ಒಂದು ಕಾಫಿ ದುಡ್ಡಿನೊಳಗೆ ಮುಗಿಯುತ್ತೆ. ದುಬಾರಿ ಆಗೋದು ಲೋಹದಿಂದಲ್ಲ, ಮಷೀನ್ ಸಮಯದಿಂದ. ಸಾವಿರಗಟ್ಟಲೆ ಮಾಡಿದರೆ ಒಂದು ಬೆಲೆ, ಕೋಟಿಗಟ್ಟಲೆ ಮಾಡಿದರೆ ಇನ್ನೊಂದು. ಕೋಟಿಗಟ್ಟಲೆ ಕೊಳ್ಳುವ ಗಿರಾಕಿ ಈ ದೇಶದಲ್ಲಿ ಒಬ್ಬನೇ, ಸರ್ಕಾರ. ಅಮೆರಿಕದ ಸೇನೆ 2010ರಲ್ಲಿ ಸೀಸದ ತಿರುಳಿಲ್ಲದ ಎಂ855ಎ1 ಗುಂಡಿಗೆ ಹೋಗಿದ್ದು ಯಾವ ಹವ್ಯಾಸಿಯ ಆಯ್ಕೆಯಿಂದಲೂ ಅಲ್ಲ, ಖರೀದಿ ಆದೇಶದಿಂದ.

ಹಾಗಾದ್ರೆ ಏನು ಮಾಡಬೇಕು?

ಲೈಸೆನ್ಸ್ ಸಡಿಲ ಮಾಡಿ ಅಂತ ನಾನು ಕೇಳ್ತಿಲ್ಲ. ಮೂರು ಸಣ್ಣ ಕೆಲಸಗಳಿವೆ, ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ.

ಮೊದಲನೆಯದು, ಅಳೆಯಿರಿ. ರಾಜ್ಯದ ಶೂಟಿಂಗ್ ಅಕಾಡೆಮಿಗಳ ಮಕ್ಕಳು, ಕೋಚ್‌ಗಳು, ಪೊಲೀಸ್ ತರಬೇತಿ ಮೈದಾನದ ಸಿಬ್ಬಂದಿ, ಮುಖ್ಯವಾಗಿ ಗುಡಿಸುವವರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ವರ್ಷಕ್ಕೊಮ್ಮೆ ಪರೀಕ್ಷೆ ಆಗಲಿ. ಈ ಪರೀಕ್ಷೆಯ ಪರಿಣತಿ ಕೋರಮಂಗಲದಲ್ಲೇ ಬೆಳೆದಿದೆ.

ಎರಡನೆಯದು, ಹಿಡಿಯಿರಿ. ಒಳಾಂಗಣ ರೇಂಜ್‌ಗೆ ಗಾಳಿ ಹೊರಹಾಕುವ ವ್ಯವಸ್ಥೆ, ಒಣ ಪೊರಕೆಯ ಬದಲು ಒದ್ದೆ ಬಟ್ಟೆ, ಗುಂಡು ಬೀಳುವ ಕಡೆ ಸೀಸ ಹಿಡಿಯುವ ಟ್ರ್ಯಾಪ್, ಬಾಗಿಲ ಬಳಿ ಕೈ ತೊಳೆಯುವ ಬೇಸಿನ್ನು, ಒಳಗೆ ತಿಂಡಿ ಬೇಡ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಹಿಡಿದ ಸೀಸ ಗುಜರಿಯಿಂದ ಬ್ಯಾಟರಿ ಕರಗಿಸುವ ಗುಡಿಸಲಿಗೆ ಹೋಗದೆ ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು.

ಮೂರನೆಯದು, ಖರೀದಿಸಿ. ಪೊಲೀಸ್ ತರಬೇತಿಯ ಗುಂಡುಗಳಲ್ಲಿ ಒಂದು ಪಾಲಾದರೂ ಸೀಸರಹಿತವಾಗಿರಲಿ, ಪ್ರೈಮರ್ ಸಮೇತ, ಅಂತ ರಾಜ್ಯದ ಗೃಹ ಇಲಾಖೆ ಬೇಡಿಕೆ ಇಡಬಹುದು. ಬೇಡಿಕೆ ಇದ್ದರೆ ಮ್ಯುನಿಷನ್ಸ್ ಇಂಡಿಯಾ ಆಗಲಿ ಖಾಸಗಿಯವರಾಗಲಿ ತಯಾರಿಸ್ತಾರೆ. ಆಮೇಲೆ ನನ್ನ ಗೆಳೆಯನಂಥವರಿಗೂ ಅಂಗಡಿಯಲ್ಲಿ ಲೈಸೆನ್ಸ್ ಮೇಲೆ ಸಿಗಬಹುದು. ಅದು ಉಪಫಲ, ಗುರಿಯಲ್ಲ.

ಲೇಖನ ಕಳಿಸೋ ಮುಂಚೆ ಗೆಳೆಯನಿಗೆ ಓದಿ ಹೇಳಿದೆ. ಟ್ವಿಸ್ಟ್ ಲೆಕ್ಕ ಸರಿ ಇದೆ ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಆರು ವರ್ಷ ಗುಂಡು ಎಲ್ಲಿಗೆ ಬೀಳುತ್ತೆ ಅಂತ ಇಂಚಿಂಚು ಲೆಕ್ಕ ಹಾಕಿದ್ದೀನಿ ಮಗಾ. ಬಿದ್ದ ಮೇಲೆ ಯಾರು ಆರಿಸ್ತಾರೆ ಅಂತ ಒಂದು ದಿನವೂ ನೋಡಿಲ್ಲ."

ಈಗ ಅವನ ಮಗಳು ಏರ್ ರೈಫಲ್ ಕಲಿಯೋಕೆ ಸೇರಿದ್ದಾಳೆ. ಮುಂದಿನ ವಾರ ಅವಳ ರಕ್ತ ಪರೀಕ್ಷೆ ಮಾಡಿಸ್ತಾನಂತೆ. ಜೊತೆಗೆ ಆ ಅಕಾಡೆಮಿಯಲ್ಲಿ ಗುಡಿಸುವ ಅಕ್ಕನದ್ದೂ ಮಾಡಿಸು ಅಂದಿದ್ದೀನಿ.